ಅಂಕಿಗಳನ್ನು ಯಾವ ಭಾಷೆಯಲ್ಲಿ ಓದಿದಿರಿ?

ನಾಸಿಕದ ಪಂಚವಟಿಯಲ್ಲಿ ಒಂದು ಕನ್ನಡದ ಮನೆ ಇದೆ ಎಂದುಕೊಳ್ಳಿ. ಜಗಳವೆಲ್ಲ ಕನ್ನಡದಲ್ಲಿ, ಲೆಕ್ಕ ಮಾತ್ರ ಮರಾಠಿಯಲ್ಲಿ. ಆ ಮನೆಯ ಹುಡುಗನಿಗೆ ಸ್ಕಿಜೋಫ್ರೇನಿಯಾ. ಔಷಧಿಯಿಂದ ಕಿವಿಯೊಳಗಿನ ದನಿಗಳು ತಗ್ಗಿವೆ, ಆದರೆ ನೆನಪು ಮತ್ತು ಗಮನದ ತೊಡಕು ಉಳಿದಿದೆ. ಅವನು ಮತ್ತೆ ಕೆಲಸಕ್ಕೆ ಹೋಗಿ ನಿಲ್ಲುವುದು ಬಹುಮಟ್ಟಿಗೆ ಇದರ ಮೇಲೇ ನಿಂತಿದೆ. ಹಾಗಾಗಿ ಅದನ್ನು ಅಳೆಯುತ್ತಾರೆ. ಪರೀಕ್ಷಕರು ಸೆಕೆಂಡಿಗೊಂದರಂತೆ ಅಂಕಿಗಳನ್ನು ಹೇಳುತ್ತಾರೆ, ಅವನು ತಿರುಗಿ ಒಪ್ಪಿಸಬೇಕು.

ಯಾವ ಭಾಷೆಯಲ್ಲಿ?

ಮರಾಠಿಯಲ್ಲಿ ಏಕ್, ದೋನ್, ತೀನ್, ಚಾರ್. ಒಂಬತ್ತರವರೆಗೆ ಸಹಾ, ನಊ ಬಿಟ್ಟರೆ ಎಲ್ಲಕ್ಕೂ ಒಂದೇ ಉಚ್ಚಾರಾಂಶ. ಕನ್ನಡದಲ್ಲಿ ಎರಡಕ್ಕಿಂತ ಕಡಿಮೆ ಯಾವುದಕ್ಕೂ ಇಲ್ಲ. ‘ಎರಡು’, ‘ಒಂಬತ್ತು’ ಮೂರು ಬೇಡುತ್ತವೆ. (ಆಡುಮಾತಿನಲ್ಲಿ ಮೂರು ‘ಮೂರ್’ ಆಗುತ್ತದೆ ನಿಜ, ಆದರೆ ಒಂಬತ್ತನ್ನು ಎಷ್ಟು ಹಿಂಡಿದರೂ ಒಂದು ಉಚ್ಚಾರಾಂಶಕ್ಕೆ ಇಳಿಯದು.) ಇದು ನನ್ನಂಥ ಭಾಷಾವಿಜ್ಞಾನದವರ ಕೂದಲು ಸೀಳುವ ಚಟವಲ್ಲ. ಹೇಳಲು ಹೆಚ್ಚು ಹೊತ್ತು ಬೇಕಾದ ಪದಗಳು ನೆನಪಿನಲ್ಲಿ ಕಡಿಮೆ ನಿಲ್ಲುತ್ತವೆ ಎಂದು ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲೇ ತೋರಿಸಿದರು. 1980ರಲ್ಲಿ ಎಲಿಸ್ ಮತ್ತು ಹೆನೆಲಿ ಪರೀಕ್ಷಿಸಿದ ವೇಲ್ಸ್‌ನ ದ್ವಿಭಾಷಿಕರು ಇಂಗ್ಲಿಷಿಗಿಂತ ವೆಲ್ಶ್‌ನಲ್ಲಿ ಕಡಿಮೆ ಅಂಕಿ ನೆನಪಿಟ್ಟುಕೊಂಡರು. ತಲೆ ಅದೇ, ಪದಗಳು ಉದ್ದ.

ಅಕ್ಷರ ಕೊಟ್ಟು ಪದ ಹೇಳಿಸುವ ಪರೀಕ್ಷೆಯೂ ಹೀಗೆಯೇ. ‘ಕ’ ಎಂದರೆ ಕಮಲ ಮಾತ್ರವೋ, ಕಾಗೆ, ಕಿಟಕಿಯೂ ಸೇರುತ್ತವೋ? ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಈ ತಲೆನೋವೇ ಬೇಡ, ರಕ್ತದಲ್ಲೋ ಮಿದುಳಿನ ಅಲೆಗಳಲ್ಲೋ ಗುರುತು ಸಿಕ್ಕರೆ ಸಾಕು ಎನ್ನುವ ಆಸೆ ಸಹಜ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಪ್ರೊಟೀನು, ಉರಿಯೂತ ಸೂಚಿಸುವ ಇಂಟರ್‌ಲ್ಯೂಕಿನ್-6 ಇವುಗಳ ಮೇಲೆ ಅಧ್ಯಯನಗಳಾಗಿವೆ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು: ಒಂದೇ ಸದ್ದು ಮತ್ತೆ ಮತ್ತೆ ಕೇಳಿಸುತ್ತಿರುವಾಗ ನಡುವೆ ಬೇರೆ ಸದ್ದು ಬಂದರೆ, ಸುಮಾರು ಸೆಕೆಂಡಿನ ಐದನೇ ಒಂದು ಭಾಗದಷ್ಟರಲ್ಲಿ ಮಿದುಳಿನ ವಿದ್ಯುತ್ ಅಲೆ ಕುಸಿಯುತ್ತದೆ. ಈ ಕಾಯಿಲೆ ಇರುವವರಲ್ಲಿ ಆ ಕುಸಿತ ಸಾಮಾನ್ಯವಾಗಿ ಚಿಕ್ಕದು. ಬಾಯಿ ತೆರೆಯುವುದೇ ಬೇಕಿಲ್ಲ.

ಆದರೆ ಆ ಅಲೆ ಜ್ಞಾಪಕಶಕ್ತಿಯ ಗುರುತು ಹೌದೇ ಎಂದು ತಿಳಿಯುವುದು ಹೇಗೆ? ಅದೇ ಅಂಕಿ, ಅಕ್ಷರಗಳ ಪರೀಕ್ಷೆಯಲ್ಲಿ ಬಂದ ಅಂಕದ ಜೊತೆ ತಾಳೆ ನೋಡಿ. ಅಳತೆಗೋಲು ಡೊಂಕಾದರೆ ಅದರಿಂದ ಅಳೆದ ಗುರುತೂ ಡೊಂಕೇ. ನಡುಕ ತಡೆಯಲು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯೂ ನೆನಪನ್ನು ಮಂಕಾಗಿಸಬಲ್ಲದು. ಅದನ್ನೂ ಕಾಯಿಲೆಯ ಖಾತೆಗೆ ಬರೆದುಬಿಟ್ಟರೆ ಮನೆಯವರಿಗೆ ಉಳಿಯುವುದು ‘ಇವನ ಕೈಲಾಗದು’ ಎಂಬ ಒಂದು ಚೀಟಿ.

ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ವಯಸ್ಸು, ಲಿಂಗ, ಓದಿಗೆ ತಕ್ಕ ಮಾನದಂಡಗಳೊಡನೆ ತನ್ನದೇ ಪರೀಕ್ಷಾಮಾಲೆ ತಂದಿತು. ಅದು ದೊಡ್ಡ ಕೆಲಸ. ಮಾನದಂಡಕ್ಕೆ ಭಾಷೆಯನ್ನೂ, ಅದರಲ್ಲೂ ಎರಡು ಭಾಷೆಗಳ ನಡುವೆ ಬೆಳೆದವರನ್ನೂ ಸೇರಿಸಲು ಹೊಸ ಸಲಕರಣೆಗಿಂತ ಮೊದಲು ಹಣ ಕೊಡಬೇಕು ಎನ್ನುತ್ತೇನೆ. ಎಷ್ಟು ಮಿಲಿಲೀಟರ್ ರಕ್ತ ತೆಗೆದರು, ಯಾವ ತಾಪಮಾನದಲ್ಲಿ ಇಟ್ಟರು ಎಂದು ಸಂಶೋಧನಾ ಪ್ರಬಂಧಗಳು ಬರೆಯುತ್ತವೆ. ಏಳು, ಎರಡು, ಒಂಬತ್ತು ಎಂದು ಓದಿದರೋ, ಸಾತ್, ದೋನ್, ನಊ ಎಂದೋ, ಅದನ್ನೂ ಅದೇ ಸಾಲಿನಲ್ಲಿ ಬರೆಯಲಿ.