ತಾಳಿಕೋಟೆ ಒಂದೇ ಕಾರಣವಲ್ಲ



ವಿಜಯನಗರ ಹೇಗೆ ಹಾಳಾಯ್ತು ಅಂತ ಕೇಳಿದರೆ ನಾವೆಲ್ಲ ಒಟ್ಟಿಗೆ "1565, ತಾಳಿಕೋಟೆ ಯುದ್ಧ" ಅಂತ ಕೂಗುತ್ತೇವೆ. ಮಾರ್ಕ್ಸೂ ಸಿಗುತ್ತೆ. ಆದರೆ ಆ ಉತ್ತರ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ತಾಳಿಕೋಟೆ ಆದಮೇಲೂ ರಾಜರಿದ್ದರು. ಪೆನುಗೊಂಡ, ಚಂದ್ರಗಿರಿ, ವೆಲ್ಲೂರಿನಿಂದ ಆಳಿದರು. ಅವರಲ್ಲಿ ವೆಂಕಟಪತಿರಾಯ ಗಟ್ಟಿಗ. 28 ವರ್ಷ ಆಳಿ 1614ರಲ್ಲಿ ತೀರಿಕೊಂಡ. ಆಮೇಲೆ ನಡೆದ ಒಂದು ಕೊಲೆಯೇ ರಾಜ್ಯವನ್ನು ಪೂರಾ ಮುರಿದದ್ದು.

ವೆಂಕಟಪತಿಗೆ ಸ್ವಂತ ಮಕ್ಕಳಿರಲಿಲ್ಲ. ಅಣ್ಣನ ಮಗ ಶ್ರೀರಂಗನಿಗೆ ಪಟ್ಟ ಕೊಟ್ಟ. ಆದರೆ ಒಬ್ಬ ರಾಣಿ ಬೇರೆಯವರ ಮಗುವನ್ನು ತಂದು ತನ್ನದೇ ಅಂತ ಸಾಕಿದ್ದಳಂತೆ. ಆ ರಾಣಿಯ ತವರಿನವನಾದ ಜಗ್ಗರಾಯ, ಆ ಹುಡುಗನೇ ರಾಜನಾಗಬೇಕು ಅಂತ ಹಠ ಹಿಡಿದು, ಶ್ರೀರಂಗನನ್ನು ಹೆಂಡತಿ ಮಕ್ಕಳ ಸಮೇತ ಸೆರೆಯಲ್ಲಿಟ್ಟು ಕೊನೆಗೆ ಎಲ್ಲರನ್ನೂ ಕೊಲ್ಲಿಸಿಬಿಟ್ಟ. (ಚನ್ನಪಟ್ಟಣದ ಜಗದೇವರಾಯ ಬೇರೆ, ಇವನು ಬೇರೆ. ನಾನೂ ಮೊದಲು ಒಬ್ಬನೇ ಅಂದುಕೊಂಡಿದ್ದೆ.)

ಉಳಿದವನು ಎರಡನೇ ಮಗ ರಾಮದೇವ. ಸುಮಾರು ನಮ್ಮ ವಯಸ್ಸಿನವನು. ಕೊಲೆಗೆ ಮುಂಚೆಯೇ ಯಾಚಮನಾಯಕ ಎಂಬ ಸರದಾರ, ಅರಮನೆಯ ಬಟ್ಟೆ ಒಗೆಯುವ ಮಡಿವಾಳನ ಕೈಲಿ ಅವನನ್ನು ಬಟ್ಟೆಗಳ ನಡುವೆ ಮುಚ್ಚಿಸಿ ಹೊರಗೆ ತರಿಸಿದ. ಪೋರ್ಚುಗೀಸ್ ಪಾದ್ರಿ ಬರಾದಾಸ್ 1616ರಲ್ಲಿ ಬರೆದ ಕಾಗದದಲ್ಲಿ ಇದು ಇದೆ. ನಮ್ಮ ತಾತನೂ ಮಡಿವಾಳರೇ. ಉಬ್ಬೆ ಹಾಕೋ ಬಟ್ಟೆ ಗಂಟು ಎಷ್ಟು ಭಾರ ಅಂತ ಹೊತ್ತ ನನಗೆ ಗೊತ್ತು. ಅದರಲ್ಲಿ ಒಬ್ಬ ಹುಡುಗನೂ ಇದ್ದು, ಬಾಗಿಲಲ್ಲಿ ಕಾವಲಿನವನು "ಬಿಚ್ಚೋ ಗಂಟು" ಅಂದಿದ್ದರೆ? ನಾನು ಓದಿದ ಪುಸ್ತಕದಲ್ಲಿ ರಾಜರ ಹೆಸರು, ನಾಯಕರ ಹೆಸರು ಎಲ್ಲಾ ಇವೆ. ಇವನದಿಲ್ಲ.

ಯುದ್ಧ ಶುರುವಾಯ್ತು. ಯಾಚಮನ ಕಡೆ ತಂಜಾವೂರಿನ ರಘುನಾಥನಾಯಕ, ಜಗ್ಗರಾಯನ ಕಡೆ ಮಧುರೆ ಮತ್ತು ಜಿಂಜಿಯ ನಾಯಕರು. ಇವರಿಗೆಲ್ಲ ಸತ್ತ ಶ್ರೀರಂಗನ ಮೇಲೆ ಅಷ್ಟೊಂದು ಪ್ರೀತಿಯೋ ದ್ವೇಷವೋ ಇತ್ತು ಅಂತ ನಾನು ನಂಬಲ್ಲ. ಮೇಲೆ ಗಟ್ಟಿ ರಾಜ ಇದ್ದರೆ ಕಪ್ಪ ಕೊಡಬೇಕು, ಇಲ್ಲದಿದ್ದರೆ ತಾವೇ ರಾಜರು. ಕೊಲೆ ಒಂದು ನೆಪವಾಯ್ತು. 1616-17ರಲ್ಲಿ ತಿರುಚಿನಾಪಳ್ಳಿ ಹತ್ತಿರ ತೋಪೂರಿನಲ್ಲಿ, ನಮ್ಮೂರ ಪಕ್ಕ ಹರಿಯೋ ಇದೇ ಕಾವೇರಿ ದಡದಲ್ಲಿ, ದೊಡ್ಡ ಕಾಳಗ ನಡೆದು ಜಗ್ಗರಾಯ ಸತ್ತ. ರಾಮದೇವನಿಗೆ ಪಟ್ಟವಾಯ್ತು.

ಪಟ್ಟವೇನೋ ಸಿಕ್ತು, ಮಾತು ಕೇಳುವವರು ಸಿಗಲಿಲ್ಲ. ಮೈಸೂರಿನ ರಾಜ ಒಡೆಯರು 1610ರಲ್ಲೇ ಶ್ರೀರಂಗಪಟ್ಟಣ ತೆಗೆದುಕೊಂಡಿದ್ದರು. ಆಮೇಲೆ 1630ರಲ್ಲಿ ಚಾಮರಾಜ ಒಡೆಯರು ಚನ್ನಪಟ್ಟಣ ಗೆದ್ದಾಗ ಬೇಡ ಅನ್ನುವ ಶಕ್ತಿ ಯಾರಿಗಿತ್ತು? 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರಿಗೇ ಬಂತು.

ಸರಿಯಾಗಿ 300 ವರ್ಷದ ಮೇಲೆ, 1914ರಲ್ಲಿ, ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಗಿ ಮೊದಲನೇ ಮಹಾಯುದ್ಧ ಹತ್ತಿತು. ಆ ಊರಿನ ಹೆಸರೂ ಕೇಳದ ಮೈಸೂರು ಸೀಮೆಯ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕಾಗಿ ಹೋರಾಡಬೇಕಾಯ್ತು.

ನಮ್ಮ ತರಗತಿಯ ಇತಿಹಾಸದ ಚಾರ್ಟಿನಲ್ಲಿ 1565ರ ಕೆಳಗೆ 1614 ಅಂತಲೂ ಬರೆಯಬೇಕು ಎಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಜಾಗ ಉಳಿದರೆ ಪಕ್ಕದಲ್ಲಿ "ಒಬ್ಬ ಮಡಿವಾಳ" ಅಂತಲೂ.

— 7ನೇ ತರಗತಿ, ಕೊಣನೂರು