ಗಾಳದ ಕೋಲಿಗೆ ನೂಲು ಸುತ್ತುವ ವಿದ್ಯೆ

ಫ್ಲೈ ಫಿಶಿಂಗ್‌ನಲ್ಲಿ ಗಾಳಕ್ಕೆ ಹೇಳಿಕೊಳ್ಳುವಂಥ ತೂಕವೇ ಇರುವುದಿಲ್ಲ. ಸಣ್ಣ ಕೊಕ್ಕೆಗೆ ಗರಿ, ತುಪ್ಪಳ, ನೂಲು ಕಟ್ಟಿ ಮಾಡಿದ ಹುಸಿ ಹುಳು ಅದು. ಬರಿಗೈಯಿಂದ ಎಸೆದರೆ ನಾಲ್ಕು ಮಾರು ದೂರವೂ ಹೋಗದು. ಅದನ್ನು ಹೊಳೆಯ ನಡುವಿಗೆ ಒಯ್ಯುವುದು ಪ್ಲಾಸ್ಟಿಕ್ ಲೇಪವಿರುವ ದಪ್ಪ ದಾರದ ಭಾರ. ಆ ಭಾರಕ್ಕೆ ಬಾಗಿ, ಮರುಗಳಿಗೆಗೆ ನೆಟ್ಟಗಾಗಿ, ದಾರವನ್ನು ಮುಂದಕ್ಕೆ ಚಿಮ್ಮಿಸುವುದಷ್ಟೇ ಕೋಲಿನ ಕೆಲಸ. ಆದ್ದರಿಂದ ಕೋಲಿಗೂ ದಾರಕ್ಕೂ ಹೊಂದಿಕೆ ಬೇಕು. ದಾರಗಳಿಗೆ ನಂಬರು ಬಂದದ್ದು ಇದಕ್ಕಾಗಿಯೇ: ತುದಿಯ 30 ಅಡಿ ದಾರ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗಿದರೆ ಅದು 5ನೇ ನಂಬರಿನದು. ಮೊದಲ ಸಲ ಕೋಲು ಕಟ್ಟುವವರಿಗೆ ಬಲ್ಲವರು ಸೂಚಿಸುವುದು ಈ ನಂಬರಿನ ದಾರಕ್ಕೆ ಒಪ್ಪುವ, 9 ಅಡಿ ಉದ್ದದ, ನಾಲ್ಕು ತುಂಡುಗಳ ಕೋಲನ್ನು. ಟ್ರೌಟ್ ಮೀನಿನ ಬಹುಪಾಲು ಹೊಳೆಗಳಲ್ಲಿ ಇದು ನಡೆಯುತ್ತದೆ.

ಇಂದು ಕೋಲು ಕಟ್ಟುವುದೆಂದರೆ ಕೋಲನ್ನೇ ಮಾಡುವುದಲ್ಲ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಕೈಪಿಡಿ ಆ ಪೂರ್ತಿ ಕೆಲಸವನ್ನೇ ಹೇಳುತ್ತದೆ: ಚಳಿಗಾಲದಲ್ಲಿ ಮರದ ಗಳು ಕಡಿಯಬೇಕು, ಒಲೆಯ ಕಾವಿನಲ್ಲಿ ನೆಟ್ಟಗೆ ಮಾಡಬೇಕು, ವಾರಗಟ್ಟಲೆ ಒಣಗಿಸಬೇಕು, ಕಾದ ಕಬ್ಬಿಣದಿಂದ ಒಳಗಿನ ತಿರುಳು ಸುಡಬೇಕು. 19ನೇ ಶತಮಾನದಲ್ಲಿ ಬಿದಿರನ್ನು ಸೀಳಿ, ಆರು ಸೀಳುಗಳನ್ನು ಅಂಟಿಸಿ ಷಟ್ಕೋನದ ಕೋಲು ಮಾಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿತು. ಅದಕ್ಕೆ ಮೊದಮೊದಲು ಹೋಗುತ್ತಿದ್ದುದು ಭಾರತದ ಬಿದಿರು. ಕಲ್ಕತ್ತದ ಬಂದರಿನಿಂದ ಹಡಗು ಹತ್ತುತ್ತಿದ್ದ ಅದಕ್ಕೆ ಅಲ್ಲಿ 'ಕಲ್ಕತ್ತ ಕೇನ್' ಎಂದೇ ಹೆಸರು. ಆಮೇಲೆ ದಕ್ಷಿಣ ಚೀನಾದ ಟಾಂಕಿನ್ ಬಿದಿರು ಆ ಜಾಗ ಹಿಡಿಯಿತು. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರ ನಿಲ್ಲಿಸಿದಾಗ ಬಿದಿರಿನ ಸರಬರಾಜು ಕಡಿದು, ಆಗಷ್ಟೇ ಬಂದಿದ್ದ ಫೈಬರ್‌ಗ್ಲಾಸ್ ಗೆದ್ದಿತು. 1970ರ ದಶಕದಲ್ಲಿ ಬಂದ ಕಾರ್ಬನ್ ನಾರು ಅದನ್ನೂ ಹಿಂದೆ ಹಾಕಿತು. ಈಗ ಕಾರ್ಖಾನೆಯಿಂದ ಕಾರ್ಬನ್ನಿನ ಟೊಳ್ಳು ಕೊಳವೆ, ಅಂದರೆ ಬ್ಲ್ಯಾಂಕ್, ಸಿದ್ಧವಾಗಿ ಬರುತ್ತದೆ. ಕೋಲು ಎಷ್ಟು ಬಾಗಬೇಕು, ಎಲ್ಲಿ ಬಾಗಬೇಕು ಎಂಬುದೆಲ್ಲ ಅದರಲ್ಲೇ ತೀರ್ಮಾನವಾಗಿರುತ್ತದೆ. ಕಟ್ಟುವವರು ಅದಕ್ಕೆ ಹೊಸ ಗುಣವನ್ನೇನೂ ಸೇರಿಸಲಾರರು. ಇರುವುದನ್ನು ಕೆಡಿಸುವುದು ಮಾತ್ರ ಬಲು ಸುಲಭ.

ಮೊದಲು ಬರುವ ಪ್ರಶ್ನೆ ಬೆನ್ನಿನದು. ಅಂಟು ಹೀರಿದ ಕಾರ್ಬನ್ ಬಟ್ಟೆಯನ್ನು ಉಕ್ಕಿನ ಸಲಾಕೆಗೆ ಸುತ್ತಿ ಬೇಯಿಸಿ ಬ್ಲ್ಯಾಂಕ್ ಮಾಡುವುದರಿಂದ, ಸುತ್ತು ಒಂದರ ಮೇಲೊಂದು ಬಂದ ಕಡೆ ಬಿರುಸು ತುಸು ಹೆಚ್ಚು. ಅದೇ ಬೆನ್ನು. ತುಂಡಿನ ಬುಡವನ್ನು ಮೇಜಿಗೆ ಊರಿ, ನಡುವನ್ನು ಮೆಲ್ಲಗೆ ಒತ್ತಿ ಉರುಳಿಸಿದರೆ ಅದು ಒಂದೆಡೆ ಥಟ್ಟನೆ ಹೊರಳಿ ನಿಲ್ಲುತ್ತದೆ. ದಾರ ಹಾಯುವ ಉಂಗುರಗಳು ಈ ಬೆನ್ನಿನ ಮೇಲಿರಬೇಕೋ ಎದುರಿಗಿರಬೇಕೋ ಎಂಬ ಜಗಳ ಇಂದಿಗೂ ಬಗೆಹರಿದಿಲ್ಲ. ಬೆನ್ನನ್ನು ಮರೆತು, ಕೋಲು ಕಣ್ಣಿಗೆ ನೆಟ್ಟಗೆ ಕಾಣುವಂತೆ ಜೋಡಿಸುವವರೂ ಇದ್ದಾರೆ. ಹೊಸಬರಿಗೆ ಈ ಮೂರನೆಯ ದಾರಿಯೇ ಲೇಸು.

ಹಿಡಿ ಕೂರಿಸುವುದು ಆಮೇಲಿನ ಕೆಲಸ. ಕಾರ್ಕ್ ಹಿಡಿಯ ತೂತನ್ನು ಉರುಟು ಅರದಿಂದ ಸ್ವಲ್ಪಸ್ವಲ್ಪವೇ ಹಿಗ್ಗಿಸುತ್ತ, ತುದಿಯ ಕಡೆಯಿಂದ ಇಳಿಸಿ ನೋಡುತ್ತಿರಬೇಕು. ಹೆಚ್ಚು ಅರೆದರೆ ಸಡಿಲವಾಗುತ್ತದೆ. ದಾರ ಸುತ್ತಿಡುವ ರೀಲು ಕೂರುವ ಭಾಗದ ಒಳಸುತ್ತು ಬ್ಲ್ಯಾಂಕಿಗಿಂತ ದೊಡ್ಡದಾದ್ದರಿಂದ, ನಡುವೆ ಮಾಸ್ಕಿಂಗ್ ಟೇಪಿನ ಸುತ್ತುಗಳನ್ನು ಅಂತರ ಬಿಟ್ಟು ಹಾಕಿ, ಸಂದುಗಳಿಗೆ ಎಪಾಕ್ಸಿ ತುಂಬುತ್ತಾರೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟು ಇಲ್ಲಿ ಬೇಡ. ರೀಲು ಉಂಗುರಗಳ ನೇರಕ್ಕೆ ಬರುವಂತೆ ತಿರುಗಿಸಿ ಸರಿಪಡಿಸಲು ಸಮಯ ಬೇಕಾಗುತ್ತದೆ.

ಇನ್ನು ಉಂಗುರಗಳು. 9 ಅಡಿಯ ಕೋಲಿಗೆ ಸಾಮಾನ್ಯವಾಗಿ ಒಂಬತ್ತು ಅಥವಾ ಹತ್ತು, ತುತ್ತತುದಿಯದು ಬೇರೆ. ಬುಡದಿಂದ ಸುಮಾರು 30 ಇಂಚಿಗೆ ಮೊದಲನೆಯದು, ದೊಡ್ಡದು. ಅಲ್ಲಿಂದ ಮೇಲೆ ಹಾವಿನಂತೆ ಹೊರಳಿದ ತಂತಿಯವು, ತುದಿಗೆ ಹೋದಷ್ಟೂ ಒತ್ತಾಗಿ. ತುದಿಯ ಉಂಗುರವನ್ನು ಮಾತ್ರ ಕಾಯಿಸಿದರೆ ಕರಗುವ ಅಂಟಿನಿಂದ ಕೂರಿಸುತ್ತಾರೆ, ಮುಂದೆ ಬಿಚ್ಚಬೇಕಾದೀತೆಂದು. ಎಲ್ಲವನ್ನೂ ಟೇಪಿನಲ್ಲಿ ಹಿಡಿಸಿ, ದಾರ ಪೋಣಿಸಿ, ಕೋಲನ್ನು ಬಾಗಿಸಿ ನೋಡಬೇಕು. ದಾರ ಕೋಲಿನ ಬಾಗನ್ನೇ ಅನುಸರಿಸಬೇಕು, ಎಲ್ಲೂ ಅಡ್ಡ ಹಾಯಬಾರದು.

ಉಂಗುರದ ಪಾದ ಅರೆಯುವುದು ನೋಡಲು ಕ್ಷುಲ್ಲಕ ಕೆಲಸ, ಆದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಪಾದದ ತುದಿ ಮೊಂಡಾಗಿದ್ದರೆ, ಉಂಗುರವನ್ನು ಕೋಲಿಗೆ ಬಿಗಿಯುವ ನೂಲು ಅದನ್ನು ಹತ್ತಲಾರದೆ ಅಲ್ಲೊಂದು ಕಂದಕ ಬಿಡುತ್ತದೆ. ಅರೆದು ಇಳಿಜಾರು ಮಾಡಿದರೆ ಸಲೀಸಾಗಿ ಏರುತ್ತದೆ. ಅಡಿಭಾಗದ ಒರಟು ಅಂಚನ್ನೂ ನಯ ಮಾಡಲೇಬೇಕು. ಕಾರ್ಬನ್ನಿನ ಮೇಲೆ ಬಿದ್ದ ಒಂದು ಗೀರು, ಎಂದೋ ಒಂದು ದಿನ ಕೋಲು ಮುರಿಯುವ ಜಾಗವಾಗುತ್ತದೆ.

ಸುತ್ತಲು ಯಂತ್ರ ಬೇಕಿಲ್ಲ. ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ಕಚ್ಚು ಕೊಯ್ದು ಕೋಲನ್ನಿಡಬಹುದು; ನೂಲಿನ ಉಂಡೆಯನ್ನು ಲೋಟದಲ್ಲಿಟ್ಟು, ನೂಲನ್ನು ದಪ್ಪ ಪುಸ್ತಕದ ಹಾಳೆಗಳ ನಡುವಿನಿಂದ ಎಳೆದರೆ ಬೇಕಾದ ಬಿಗಿ ಸಿಗುತ್ತದೆ. ಸಾಲದಿದ್ದರೆ ಮೇಲೆ ಇನ್ನೊಂದು ಪುಸ್ತಕ. ಬ್ಲ್ಯಾಂಕಿನ ಮೇಲೆ ಶುರುಮಾಡಿ, ಮೊದಲ ಸುತ್ತುಗಳಿಂದ ನೂಲಿನ ತುದಿಯನ್ನೇ ಅದುಮಿ, ಕೋಲನ್ನು ತಿರುಗಿಸುತ್ತ ಪಾದದ ಕಡೆಗೆ ಸಾಗಬೇಕು. ಬುಗುರಿಗೆ ಚಾಟಿ ಸುತ್ತುವಂತೆ ಎಳೆಗೆ ಎಳೆ ತಾಗಿರಬೇಕು, ಒಂದರ ಮೇಲೊಂದು ಹತ್ತಬಾರದು. ಮುಗಿಯಲು ಏಳೆಂಟು ಸುತ್ತು ಇರುವಾಗ ಬೇರೊಂದು ನೂಲಿನ ಕುಣಿಕೆಯನ್ನು ಕೆಳಗಿಟ್ಟು ಸುತ್ತಿ, ಕೊನೆಗೆ ಮುಖ್ಯ ನೂಲನ್ನು ಕತ್ತರಿಸಿ ಕುಣಿಕೆಗೆ ತೂರಿಸಿ ಎಳೆದರೆ, ತುದಿ ಸುತ್ತಿನಡಿ ಸೇರಿಕೊಳ್ಳುತ್ತದೆ. ಗಂಟೇ ಇಲ್ಲ. ಸಂದು ಬಿಟ್ಟಿದ್ದರೆ ಉಗುರಿನಿಂದ ಒತ್ತಿ ಸರಿಸಬಹುದು. ಒಂದು ತುಂಡು ಇನ್ನೊಂದರ ಮೇಲೆ ಕೂರುವ ಬಾಯಿಗೂ ಹೀಗೆಯೇ ಸುತ್ತಬೇಕು. ಉಂಗುರಗಳಿಲ್ಲದ ಆ ಜಾಗವನ್ನು ಹೊಸಬರು ಮರೆಯುವುದುಂಟು, ಆದರೆ ಕೋಲು ಬಾಗಿದಾಗ ಸೀಳುವುದು ಆ ಬಾಯಿಯೇ.

ಕಡೆಯದು ಎಪಾಕ್ಸಿ ಲೇಪ. ಎರಡು ದ್ರವಗಳನ್ನು ತಯಾರಕರು ಹೇಳಿದ ಅಳತೆಗೆ, ಸಾಮಾನ್ಯವಾಗಿ ಸರಿಸಮವಾಗಿ, ಸಿರಿಂಜಿನಲ್ಲೇ ಅಳೆದು ಬೆರೆಸಬೇಕು. ಕಣ್ಣಂದಾಜಿನಲ್ಲಿ ಬೆರೆಸಿದ್ದು ಎಷ್ಟು ದಿನವಾದರೂ ಜಿಗುಟು ಬಿಡದು. ಬರಿಯ ನೈಲಾನ್ ನೂಲು ಲೇಪ ಹೀರಿ ಬಣ್ಣಗೆಡುತ್ತದೆ, ಬಿಳಿಯದಂತೂ ಪಾರದರ್ಶಕವೇ ಆಗಿಬಿಡುತ್ತದೆ. ಬಣ್ಣ ಉಳಿಯಬೇಕೆಂದರೆ ಮೊದಲು ಅದಕ್ಕೆಂದೇ ಇರುವ ದ್ರವ ಹಚ್ಚಬೇಕು. ಗುಳ್ಳೆಗಳು ಕಂಡರೆ ಸ್ಪಿರಿಟ್ ದೀಪದ ಕಾವನ್ನು ದೂರದಿಂದ ತೋರಿಸಿದರೆ ಒಡೆಯುತ್ತವೆ. ಲೇಪ ಬಿಗಿಯುವವರೆಗೆ ಕೋಲು ತಿರುಗುತ್ತಲೇ ಇರಬೇಕು, ಇಲ್ಲವಾದರೆ ಒಂದೆಡೆ ಇಳಿದು ಹನಿಗಟ್ಟುತ್ತದೆ. ಹಳೆಯ ಮೈಕ್ರೋವೇವ್ ಒಲೆಯಲ್ಲಿ ತಟ್ಟೆ ತಿರುಗಿಸುವ ಮೋಟಾರು ಇದಕ್ಕೆ ಸಾಕು; ಅದಿಲ್ಲದವರು ಕೆಲವು ನಿಮಿಷಕ್ಕೊಮ್ಮೆ ಕೈಯಿಂದಲೇ ಅರ್ಧ ಸುತ್ತು ತಿರುಗಿಸುತ್ತ ಕೂರುತ್ತಾರೆ.

ಮುಂದೆ ಯಾವುದಾದರೂ ಉಂಗುರ ಸವೆದರೆ ಅದನ್ನಷ್ಟೇ ಬದಲಿಸಬಹುದು. ಆಗ ಬ್ಲೇಡು ಆಡಿಸಬೇಕಾದುದು ಉಂಗುರದ ಲೋಹದ ಪಾದದ ಮೇಲೆ ಮಾತ್ರ, ಬ್ಲ್ಯಾಂಕಿನ ಮೇಲೆ ಎಂದೂ ಅಲ್ಲ; ಅಲ್ಲಿ ಕೊಯ್ದ ನೂಲನ್ನು ಬಿಚ್ಚಿ, ಉಳಿದ ಲೇಪವನ್ನು ತುಸು ಬಿಸಿ ಮಾಡಿ ಉಗುರಿನಿಂದ ಎಬ್ಬಿಸಿ, ಹೊಸ ಉಂಗುರವನ್ನು ಅದೇ ಜಾಗಕ್ಕೆ ಸುತ್ತುತ್ತಾರೆ.