ಸ್ಕ್ಯಾನ್ ನಾರ್ಮಲ್, ತಲೆನೋವು ಹಾಗೇ!

ಪೀಣ್ಯ, ವೈಟ್‌ಫೀಲ್ಡ್ ರಸ್ತೆಗಳಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ನಮ್ಮಂಥವರಿಗೆ ಸಿಗುವ ಸಮಾಧಾನ, ‘ಸಿ.ಟಿ. ಸ್ಕ್ಯಾನ್ ನಾರ್ಮಲ್, ಏನೂ ಆಗಿಲ್ಲ’. ಆದರೆ ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಮೂಳೆ ಮುರಿತವನ್ನು. ಮಿದುಳು ಅಲುಗಿದಾಗ ಬರುವ ತಲೆನೋವು, ತಲೆಸುತ್ತು, ಮರೆವು ಅದರಲ್ಲಿ ಕಾಣುವುದಿಲ್ಲ.

ಹಾಗೆಂದು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗುವುದೂ ಮದ್ದಲ್ಲ. 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಕಡಿಮೆ. ಆಮೇಲೆ ನಡಿಗೆ, ಹಂತಹಂತವಾಗಿ ಓದು ಎಂಬುದು ಈಗಿನ ತಜ್ಞರ ಸಲಹೆ. ನಾಲ್ಕು ವಾರ ದಾಟಿಯೂ ತೊಂದರೆ ಉಳಿದರೆ ನಿಮ್ಹಾನ್ಸ್‌ನಂಥ ಕಡೆ ತೋರಿಸಬೇಕು. ಪದೇಪದೇ ವಾಂತಿ, ಮಂಪರು ಕಂಡರೆ ಒಂದು ಗಂಟೆಯೂ ಕಾಯಬಾರದು.

ಕೈಗೆ ಪ್ಲಾಸ್ಟರ್ ಕಂಡರೆ ರಜೆ ಕೊಡುವ ಕಾಲೇಜು, ಕಂಪನಿಗಳು ತಲೆಪೆಟ್ಟಿಗೂ ಕೆಲವು ವಾರ ಅರ್ಧ ದಿನದ ತರಗತಿ, ಹಗುರ ಕೆಲಸ ಕೊಡಲಿ. ಕಾಣದ ನೋವು ಸೋಗಲ್ಲ ಎಂದು ಮೊದಲು ಒಪ್ಪಿಕೊಳ್ಳಲಿ.